ಹಿಗ್ಗಲಾರದ ಹೃದಯ

ಮೈಸೂರಿನಿಂದ ಕೃಷ್ಣರಾಜಸಾಗರದ ಕಡೆಗೆ ಹೊರಟವರಿಗೆ ದಾರಿಯಲ್ಲಿ ಎರಡು ಆಸ್ಪತ್ರೆಗಳು ಸಿಗುತ್ತವೆ. ಒಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿದ ಕ್ಷಯರೋಗ ಆಸ್ಪತ್ರೆ. ಇನ್ನೊಂದು, 2010ರ ದಶಕದಲ್ಲಿ ಅಲ್ಲಿಗೆ ಬಂದ ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರು ಶಾಖೆ. ಒಂದು ಶತಮಾನದಲ್ಲಿ ಈ ಊರಿನವರನ್ನು ಕಾಡಿದ ಕಾಯಿಲೆಗಳು ಹೇಗೆ ಬದಲಾದವು ಎಂಬುದನ್ನು ಈ ಎರಡು ಕಟ್ಟಡಗಳೇ ಹೇಳುತ್ತವೆ. ಅಂದು ಏದುಸಿರು ಬಂದರೆ ಮೊದಲ ಅನುಮಾನ ಶ್ವಾಸಕೋಶದ ಮೇಲೆ. ಇಂದು ಹೃದಯದ ಮೇಲೆ.

ಈ ರಸ್ತೆಗೆ ಸಮೀಪದಲ್ಲೇ ಕುಂಬಾರಕೊಪ್ಪಲು ಇದೆ. ದೊಡ್ಡ ಊರಿನ ಮಗ್ಗುಲಲ್ಲಿ ಬೆಳೆದ ಪುಟ್ಟ ಹಳ್ಳಿಗೆ ಈ ಸೀಮೆಯಲ್ಲಿ ಕೊಪ್ಪಲು ಎನ್ನುವುದು ವಾಡಿಕೆ. ಮಂಚೇಗೌಡನ ಕೊಪ್ಪಲು, ಕನ್ನೇಗೌಡನ ಕೊಪ್ಪಲುಗಳಂತೆ ಇದೂ ಬೆಳೆಯುತ್ತಿರುವ ನಗರದೊಳಗೆ ಸೇರಿಹೋಯಿತು. ಪಕ್ಕದ ಮೇಟಗಳ್ಳಿ, ಹೆಬ್ಬಾಳಗಳಲ್ಲಿ ಕಾರ್ಖಾನೆಗಳು ಬಂದವು. ನಡೆದು ಹೋಗುತ್ತಿದ್ದ ದಾರಿಯಲ್ಲಿ ಬಸ್ಸು, ಸ್ಕೂಟರು ಬಂದವು. ಹಳ್ಳಿ ಬಡಾವಣೆಯಾದ ಕಡೆಯಲ್ಲೆಲ್ಲ ಕಾಣುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜುಗಳಿಗೆ ಮೈಸೂರಿನ ಕೊಪ್ಪಲುಗಳೂ ಹೊರತಲ್ಲ.

ಇಂಥ ಬಡಾವಣೆಗಳಲ್ಲಿ ಐವತ್ತೈದು, ಅರವತ್ತು ದಾಟಿದವರ ಮನೆಯ ಕಪಾಟಿನಲ್ಲಿ ಎಕೋ ಪರೀಕ್ಷೆಯ ವರದಿಯೊಂದು ಸಿಗುವುದು ಈಗ ಅಪರೂಪವಲ್ಲ. ಹೃದಯ ರಕ್ತವನ್ನು ತಳ್ಳುವ ಶಕ್ತಿ ಸರಿಯಾಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅದರ ಕೆಳಗೆ ‘ಗ್ರೇಡ್ 1 ಡಯಾಸ್ಟೊಲಿಕ್ ಡಿಸ್‌ಫಂಕ್ಷನ್’ ಎಂಬ ಇನ್ನೊಂದು ಸಾಲು. ಇದನ್ನು ಓದಿ ಹೃದಯವೇ ಕೈಕೊಟ್ಟಿತೆಂದು ನಿದ್ದೆಗೆಡುವವರುಂಟು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕಾಗದವನ್ನು ಮಡಿಸಿಡುವವರೂ ಉಂಟು. ಎರಡೂ ಸರಿಯಲ್ಲ. ಆ ಒಂದು ಸಾಲಿನ ಹಿಂದೆ ಸುದೀರ್ಘ ಚರಿತ್ರೆಯಿದೆ. ಅದರಲ್ಲಿ ಮೈಸೂರಿಗೂ ಒಂದು ಪಾತ್ರವಿದೆ.

ಹಿಗ್ಗು, ಕುಗ್ಗು

ಕನ್ನಡದಲ್ಲಿ ಹಿಗ್ಗು ಎಂದರೆ ಅರಳುವುದು, ಸಂತೋಷವೂ ಹೌದು. ಕುಗ್ಗು ಎಂದರೆ ಕಿರಿದಾಗುವುದು, ಎದೆಗುಂದುವುದೂ ಹೌದು. ಹೃದಯದ ಕೆಲಸಕ್ಕೆ ಈ ಎರಡು ಮಾತು ಸಾಕು. ಕುಗ್ಗಿದಾಗ ರಕ್ತ ಮೈಗೆಲ್ಲ ಹೋಗುತ್ತದೆ. ವೈದ್ಯರು ಇದನ್ನು ಸಿಸ್ಟಲಿ ಎನ್ನುತ್ತಾರೆ. ಹಿಗ್ಗಿದಾಗ ರಕ್ತ ಬಂದು ತುಂಬಿಕೊಳ್ಳುತ್ತದೆ, ಅದು ಡಯಾಸ್ಟಲಿ.

ನಿಮಿಷಕ್ಕೆ ಸುಮಾರು 70 ಸಲ ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಹೆಚ್ಚುಕಡಿಮೆ 0.8 ಸೆಕೆಂಡು ಸಿಗುತ್ತದೆ. ಅದರಲ್ಲಿ ಕುಗ್ಗಲು ಸುಮಾರು 0.3 ಸೆಕೆಂಡು, ಹಿಗ್ಗಲು 0.5 ಸೆಕೆಂಡು. ಎಂದರೆ ಹೃದಯದ ಆಯುಷ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಹಿಗ್ಗುವುದರಲ್ಲೇ ಕಳೆಯುತ್ತದೆ. ತನ್ನ ಸ್ವಂತ ಸ್ನಾಯುವಿಗೆ ಬೇಕಾದ ರಕ್ತದ ಬಹುಪಾಲನ್ನು ಎಡ ಹೃತ್ಕುಕ್ಷಿ ಪಡೆದುಕೊಳ್ಳುವುದೂ ಈ ಹೊತ್ತಿನಲ್ಲಿಯೇ.

ಇದು ವಿಶ್ರಾಂತಿಯ ಹೊತ್ತೆಂದು ಕೇಳಿದವರಿಗೆ ಅನ್ನಿಸುವುದು ಸಹಜ. ವಾಸ್ತವ ಬೇರೆ. ಸ್ನಾಯುವಿನ ಎಳೆಗಳು ಬಿಗಿಯಾಗಲು ಕ್ಯಾಲ್ಸಿಯಂ ಬೇಕು. ಸಡಿಲಾಗಬೇಕಾದರೆ ಅದೇ ಕ್ಯಾಲ್ಸಿಯಮ್ಮನ್ನು ಜೀವಕೋಶದೊಳಗಿನ ಉಗ್ರಾಣಕ್ಕೆ ಮತ್ತೆ ಸಾಗಿಸಬೇಕು. ಈ ಸಾಗಣೆಗೆ ಶಕ್ತಿ ವ್ಯಯವಾಗುತ್ತದೆ. ಆದುದರಿಂದ ಹೃದಯಕ್ಕೆ ರಕ್ತ, ಆಮ್ಲಜನಕಗಳ ಕೊರತೆಯಾದಾಗ ಹಿಗ್ಗುವ ಕೆಲಸವೇ ಬಹುಮಟ್ಟಿಗೆ ಮೊದಲು ಏರುಪೇರಾಗುತ್ತದೆ.

ಅಧಿಕ ರಕ್ತದೊತ್ತಡದ ಎದುರು ವರ್ಷಗಟ್ಟಲೆ ದುಡಿದ ಹೃದಯದ ಗೋಡೆ, ಗರಡಿಯಲ್ಲಿ ಸಾಮು ಮಾಡಿದವರ ತೋಳಿನಂತೆ ದಪ್ಪವಾಗುತ್ತದೆ. ವಯಸ್ಸು, ಮಧುಮೇಹ, ಬೊಜ್ಜುಗಳು ಸೇರಿದರೆ ಎಳೆಗಳ ನಡುವೆ ನಾರು ಬೆಳೆದು ಗೋಡೆ ಬಿರುಸಾಗುತ್ತದೆ. ಹೊಸ ಬಲೂನು ಮೆಲ್ಲಗೆ ಊದಿದರೂ ಉಬ್ಬುತ್ತದೆ. ದಪ್ಪ ರಬ್ಬರಿನ ಚೀಲಕ್ಕೆ ಜೋರಾಗಿ ಊದಬೇಕು. ಬಿರುಸಾದ ಹೃತ್ಕುಕ್ಷಿಯನ್ನು ತುಂಬಿಸಲು ಅದರ ಹಿಂದಿನ ಹೃತ್ಕರ್ಣದಲ್ಲಿ ಒತ್ತಡ ಏರಬೇಕಾಗುತ್ತದೆ. ಆ ಒತ್ತಡ ಇನ್ನೂ ಹಿಂದಕ್ಕೆ ಸರಿದು ಶ್ವಾಸಕೋಶದ ರಕ್ತನಾಳಗಳನ್ನು ಮುಟ್ಟಿದಾಗ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ.

ಕುಳಿತಾಗ ಏನೂ ಇಲ್ಲ, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ ಎಂಬ ದೂರಿನ ಗುಟ್ಟೂ ಇಲ್ಲಿದೆ. ಬಡಿತ ಚುರುಕಾದಾಗ ಕುಗ್ಗುವ ಹೊತ್ತು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕತ್ತರಿ ಬೀಳುವುದು ಹಿಗ್ಗುವ ಹೊತ್ತಿಗೆ. ನಿಧಾನವಾಗಿ ಹಿಗ್ಗುವ ಹೃದಯಕ್ಕೆ ಅಷ್ಟು ಅವಸರದಲ್ಲಿ ತುಂಬಿಕೊಳ್ಳಲು ಆಗುವುದಿಲ್ಲ.

ಬಡಿತವನ್ನಷ್ಟೇ ಕಂಡ ಕಾಲ

ಇಷ್ಟು ಮುಖ್ಯವಾದ ಕೆಲಸ ವೈದ್ಯರ ಕಣ್ಣಿಗೆ ಬಹುಕಾಲ ಬೀಳಲಿಲ್ಲ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು 1628ರಲ್ಲಿ ಸಾಧಿಸಿ ತೋರಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಹೃದಯದ ನಿಜವಾದ ಕೆಲಸ ಕುಗ್ಗುವುದೇ ಎಂದು ವಾದಿಸಿದ. ಹೃದಯ ಹಿಗ್ಗಿ ರಕ್ತವನ್ನು ಹೀರಿಕೊಳ್ಳುತ್ತದೆ ಎಂಬ ಹಳೆಯ ನಂಬಿಕೆಯನ್ನು ಅಳಿಸಲು ಆ ವಾದ ಬೇಕಾಗಿತ್ತು. ಆದರೆ ಅದರ ಪ್ರಭಾವದಿಂದ ಹೃದಯವೆಂದರೆ ತಳ್ಳುವ ಪಂಪು ಎಂಬ ಚಿತ್ರವೇ ಗಟ್ಟಿಯಾಗಿ ನಿಂತಿತು.

1830ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ಹೋಪ್ ರೋಗದ ಲಕ್ಷಣಗಳನ್ನು ಹಿಂದುಮುಂದಾಗಿ ನೋಡಿದ. ಹೃದಯದ ಹಿಂದೆ ರಕ್ತ ಕಟ್ಟಿಕೊಂಡು ಒತ್ತಡ ಏರುವುದರಿಂದಲೇ ಏದುಸಿರು, ಕಾಲಿನ ಬಾವು ಬರುತ್ತವೆ ಎಂಬುದು ಅವನ ವಿವರಣೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಮೆಕೆಂಜಿ, ಮುಂದಕ್ಕೆ ಸಾಕಷ್ಟು ರಕ್ತ ಹೋಗದಿರುವುದೇ ಮೂಲ ಎಂದ. ಈ ವಾದ ದಶಕಗಳ ಕಾಲ ನಡೆಯಿತು. ಅಮೆರಿಕಾದ ಯೇಲ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ಯಾಂಡೆಲ್ ಹೆಂಡರ್ಸನ್ 1906ರಿಂದಲೂ ಹೃದಯ ತುಂಬುವ ಬಗೆಯನ್ನು ಅಳೆಯುತ್ತ ಬಂದಿದ್ದ. ಸೋಲುತ್ತಿರುವ ಹೃದಯದಲ್ಲಿ ಸಡಿಲಾಗುವ ಶಕ್ತಿ ಕುಂದುವುದೂ ಮುಖ್ಯವೆಂದು 1923ರಲ್ಲಿ ಬರೆದ. ಆ ಮಾತು ಆಗ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. ಕಾರಣ ಸರಳ: ಬದುಕಿರುವ ಮನುಷ್ಯನ ಹೃದಯ ತುಂಬುವುದನ್ನು ನೋಡುವ ಸುಲಭ ಸಾಧನವೇ ಇರಲಿಲ್ಲ.

ಆ ಸಾಧನದ ಬೀಜ ಬಿದ್ದದ್ದು ಹಡಗು ಕಟ್ಟುವ ಜಾಗದಲ್ಲಿ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದೊಳಗಿನ ಬಿರುಕನ್ನು ಶಬ್ದಾತೀತ ತರಂಗಗಳಿಂದ ಪತ್ತೆ ಮಾಡುವ ಯಂತ್ರವನ್ನು ಮನುಷ್ಯನ ಎದೆಗೆ ಹಿಡಿದು ನೋಡಿದರು. ಹೃದಯದ ಚಲನೆ ಪರದೆಯ ಮೇಲೆ ಕಂಡಿತು. ಇಂದಿನ ಎಕೋ ಪರೀಕ್ಷೆಯ ಮೂಲ ಇದು.

ಎಕೋ ಬಂದ ಮೇಲೂ ಎಲ್ಲರ ಗಮನ ಹರಿದದ್ದು ತಳ್ಳುವ ಶಕ್ತಿಯ ಕಡೆಗೇ. ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕಕ್ಕೆ ಎಜೆಕ್ಷನ್ ಫ್ರ್ಯಾಕ್ಷನ್ ಎಂದು ಹೆಸರು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇ 55ಕ್ಕಿಂತ ಹೆಚ್ಚಿರುತ್ತದೆ. ಈ ಅಂಕಿ ಸರಿಯಿದ್ದರೆ ಹೃದಯ ಸರಿಯಿದೆ ಎಂಬ ನಂಬಿಕೆ ಬೆಳೆಯಿತು. ಆದರೆ 1980ರ ದಶಕದ ಮಧ್ಯದಲ್ಲಿ, ಹೃದಯ ವೈಫಲ್ಯದ ಎಲ್ಲ ಲಕ್ಷಣಗಳಿದ್ದೂ ಈ ಅಂಕಿ ಸಹಜವಾಗಿದ್ದ ರೋಗಿಗಳ ವರದಿಗಳು ಅಮೆರಿಕಾದಿಂದ ಬರತೊಡಗಿದವು. ಅದೇ ದಶಕದಲ್ಲಿ ಡಾಪ್ಲರ್ ತಂತ್ರ, ಕವಾಟದ ಮೂಲಕ ರಕ್ತ ಒಳಗೆ ಹರಿಯುವ ವೇಗವನ್ನು ತೋರಿಸಿಕೊಟ್ಟಿತು.

ಆ ಚಿತ್ರದಲ್ಲಿ ಎರಡು ಅಲೆಗಳು. ಹೃತ್ಕುಕ್ಷಿ ಸಡಿಲಾದೊಡನೆ ರಕ್ತ ತಾನಾಗಿ ನುಗ್ಗುವುದು ಮೊದಲ ಅಲೆ. ಕೊನೆಯಲ್ಲಿ ಹೃತ್ಕರ್ಣ ಹಿಂಡಿ ತುಂಬಿಸುವುದು ಎರಡನೆಯದು. ಹರೆಯದಲ್ಲಿ ಮೊದಲ ಅಲೆ ದೊಡ್ಡದು. ಸಡಿಲಾಗುವಿಕೆ ನಿಧಾನವಾದಾಗ ಎರಡನೆಯದು ಮೀರುತ್ತದೆ. ಇದೇ ಗ್ರೇಡ್ 1. ರೋಗ ಮುಂದುವರಿದು ಹಿಂದಿನ ಒತ್ತಡ ಏರಿದರೆ ಮೊದಲ ಅಲೆ ಮತ್ತೆ ದೊಡ್ಡದಾಗಿ ಎಲ್ಲವೂ ಸರಿಯಿರುವಂತೆ ತೋರುತ್ತದೆ. ಈ ಎರಡನೆಯ ಹಂತದ ಮೋಸವನ್ನು ಬಯಲು ಮಾಡಲು, ಹೃದಯದ ಗೋಡೆಯ ಚಲನೆಯನ್ನೇ ಅಳೆಯುವ ಇನ್ನೊಂದು ಬಗೆಯ ಡಾಪ್ಲರ್ 1990ರ ದಶಕದಲ್ಲಿ ಬರಬೇಕಾಯಿತು.

ಮಿಷನ್ ಆಸ್ಪತ್ರೆಯ ಹೆರಿಗೆ ರಿಜಿಸ್ಟರು

ಹೃದಯ ಕೆಡುವುದು ಯಾವಾಗ ಆರಂಭವಾಗುತ್ತದೆ? ಐವತ್ತರಲ್ಲೋ, ಇಪ್ಪತ್ತರಲ್ಲೋ, ಅಥವಾ ತಾಯಿಯ ಹೊಟ್ಟೆಯಲ್ಲೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಜಾಗಗಳಲ್ಲಿ ಮೈಸೂರಿನ ಮಂಡಿ ಮೊಹಲ್ಲಾವೂ ಒಂದು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕ್ರೈಸ್ತ ಮಿಷನ್ನಿನವರು ಅಲ್ಲಿ ಕಟ್ಟಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಹೆಚ್ಚಿನ ಹೆರಿಗೆಗಳು ಮನೆಯ ಕೋಣೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದ ಕಾಲ ಅದು. ಈ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ತಾಯಿಯ ತೂಕ, ಸೊಂಟದ ಎಲುಬಿನ ಅಳತೆಗಳೂ ಅದರಲ್ಲಿದ್ದವು. ಸಲೀಸಾಗಿ ಹೆರಿಗೆಯಾಗಬೇಕೆಂಬ ಕಾಳಜಿಯಿಂದ ಬರೆದ ಲೆಕ್ಕ ಅದು. ಅರವತ್ತು ವರ್ಷದ ನಂತರ ಅದನ್ನು ಯಾರೋ ತೆರೆದು ನೋಡಿಯಾರೆಂದು ಬರೆದ ದಾದಿಯರು ಎಣಿಸಿರಲಾರರು.

ಇಂಗ್ಲೆಂಡಿನಲ್ಲಿ ಇಂಥದೇ ಪುಸ್ತಕಗಳು ಸಂಚಲನ ಉಂಟುಮಾಡಿದ್ದವು. ಹರ್ಟ್‌ಫರ್ಡ್‌ಷೈರಿನಲ್ಲಿ 1911ರಿಂದ ಸೂಲಗಿತ್ತಿಯರು ಬರೆದಿಟ್ಟ ದಾಖಲೆಗಳನ್ನು ಹಿಡಿದು, ಕಡಿಮೆ ತೂಕದಲ್ಲಿ ಹುಟ್ಟಿದ ಗಂಡಸರು ಹೃದ್ರೋಗದಿಂದ ಸಾಯುವುದು ಹೆಚ್ಚು ಎಂದು ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಶ್ರೀಮಂತ ದೇಶದ ಈ ಮಾತು, ಕೃಶವಾದ ಕೂಸುಗಳೇ ಹೆಚ್ಚಾಗಿರುವ ಭಾರತಕ್ಕೆ ಹೊಂದುತ್ತದೆಯೆ? ಉತ್ತರ ಬೇಕಾದರೆ ಭಾರತದಲ್ಲೂ ಹಳೆಯ ತೂಕದ ಪುಸ್ತಕ ಬೇಕಿತ್ತು. ಅದು ಮೈಸೂರಿನಲ್ಲಿತ್ತು.

ಸೌತಾಂಪ್ಟನ್ ಮತ್ತು ಮೈಸೂರಿನ ಸಂಶೋಧಕರು ಸೇರಿ, 1934ರಿಂದ 1954ರ ನಡುವೆ ಈ ಆಸ್ಪತ್ರೆಯಲ್ಲಿ ಹುಟ್ಟಿ ಸುತ್ತಮುತ್ತಲೇ ಬದುಕಿದ್ದ 517 ಜನರನ್ನು ಪರೀಕ್ಷಿಸಿದರು. ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದವರ ಈ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಹುಟ್ಟುವಾಗ ಐದೂವರೆ ಪೌಂಡು, ಎಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಏಳು ಪೌಂಡು ಮತ್ತು ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಶೇ 3 ಮಂದಿಗೆ. ತಾನೂ ಸಣಕಲಾಗಿ ಹುಟ್ಟಿ, ತಾಯಿಯೂ ಬಸುರಿಯಾಗಿದ್ದಾಗ 45 ಕಿಲೋಗಿಂತ ಕಡಿಮೆ ತೂಗಿದ್ದರೆ, 45 ವರ್ಷ ದಾಟಿದವರಲ್ಲಿ ಈ ಪ್ರಮಾಣ ಶೇ 20ಕ್ಕೆ ಏರಿತ್ತು. ಬಸುರಿಯ ಊಟದ ತಟ್ಟೆಗೂ ಐವತ್ತು ವರ್ಷದ ಮೇಲೆ ಮಗುವಿಗೆ ಬರುವ ಎದೆನೋವಿಗೂ ನಂಟಿದೆ ಎಂಬುದಕ್ಕೆ ಇದು ಬಲವಾದ ಸೂಚನೆ.

ಕತೆ ಅಲ್ಲಿಗೇ ಮುಗಿದಿದ್ದರೆ ಎಲ್ಲವೂ ಹಣೆಬರಹ ಎಂದು ಕೈಚೆಲ್ಲಬಹುದಿತ್ತು. ಮುಂದಿನ ಹೆಜ್ಜೆಯಲ್ಲಿ ಬೇರೆಯೇ ಫಲ ಬಂದಿತು. ಇದೇ ಗುಂಪಿನ ನಾನೂರಕ್ಕೂ ಹೆಚ್ಚು ಜನರ ರಕ್ತದೊತ್ತಡ, ರಕ್ತನಾಳಗಳ ಹಿಗ್ಗುವ ಗುಣ ಮತ್ತು ಎಕೋ ಮೂಲಕ ಎಡ ಹೃತ್ಕುಕ್ಷಿಯ ಸ್ನಾಯುರಾಶಿಯನ್ನು ಕುಮಾರನ್ ಮತ್ತು ಸಂಗಡಿಗರು ಅಳೆದರು. ಹುಟ್ಟುವಾಗ ಸಣ್ಣದಾಗಿದ್ದವರಲ್ಲಿ ಒತ್ತಡ ಹೆಚ್ಚು, ನಾಳ ಬಿರುಸು, ಹೃದಯದ ಗೋಡೆ ದಪ್ಪ ಇರಬೇಕೆಂಬುದು ಪಾಶ್ಚಾತ್ಯರ ಅನುಭವದಿಂದ ಮೂಡಿದ್ದ ನಿರೀಕ್ಷೆ. ಮೈಸೂರಿನಲ್ಲಿ ಅಂಥ ಸಂಬಂಧ ಕಾಣಲಿಲ್ಲ. 2000ನೇ ಇಸವಿಯಲ್ಲಿ ‘ಹಾರ್ಟ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ತಲೆಬರಹವೇ ಇದನ್ನು ಹೇಳುತ್ತದೆ.

ಬದುಕುಳಿದು ಅದೇ ಊರಿನಲ್ಲಿ ನೆಲೆಸಿದವರನ್ನಷ್ಟೇ ಇಂಥ ಅಧ್ಯಯನಗಳು ಮುಟ್ಟಬಲ್ಲವು. ಎಳವೆಯಲ್ಲೇ ತೀರಿಕೊಂಡವರು, ಊರು ಬಿಟ್ಟವರು ಲೆಕ್ಕಕ್ಕೆ ಸಿಗುವುದಿಲ್ಲ. ಆ ಮಿತಿಯನ್ನು ಒಪ್ಪಿಯೂ ಒಂದು ಮಾತು ಹೇಳಬಹುದು. ಹೃದಯದ ರಕ್ತನಾಳ ಮುಚ್ಚುವ ಕತೆ ಮತ್ತು ಹೃದಯದ ಗೋಡೆ ದಪ್ಪವಾಗುವ ಕತೆ ಒಂದೇ ಅಲ್ಲ. ಎರಡನೆಯದನ್ನು ಹುಟ್ಟಿನ ತೂಕವೇ ತೀರ್ಮಾನಿಸಿಬಿಡುತ್ತದೆ ಎನ್ನಲು ಮೈಸೂರಿನ ಪುಸ್ತಕ ಸಾಕ್ಷಿ ಹೇಳುವುದಿಲ್ಲ. ಹುಟ್ಟಿದ ಮೇಲಿನ ಬದುಕಿಗೆ ಅಲ್ಲಿ ದೊಡ್ಡ ಪಾಲಿದೆ.

ಮೊದಲ ಮೆಟ್ಟಿಲಿನಲ್ಲೇ ತಡೆಯುವುದು

ಆ ಪಾಲಿನಲ್ಲಿ ಮೊದಲ ಹೆಸರು ರಕ್ತದೊತ್ತಡದ್ದು. ಅಮೆರಿಕಾದ ಫ್ರಾಮಿಂಗ್‌ಹ್ಯಾಂ ಎಂಬ ಪಟ್ಟಣದ ಜನರನ್ನು 1948ರಿಂದ ತಲೆಮಾರುಗಳ ಕಾಲ ಪರೀಕ್ಷಿಸುತ್ತ ಬಂದಿದ್ದಾರೆ. ಅಲ್ಲಿ ಹೊಸದಾಗಿ ಹೃದಯ ವೈಫಲ್ಯ ಕಂಡವರಲ್ಲಿ ಶೇ 91 ಮಂದಿಗೆ ಅದಕ್ಕೆ ಮುಂಚೆಯೇ ಅಧಿಕ ರಕ್ತದೊತ್ತಡವಿತ್ತೆಂದು 1996ರಲ್ಲಿ ತಿಳಿಯಿತು.

ಹಿಗ್ಗುವ ತೊಂದರೆ ಎಷ್ಟು ಸದ್ದಿಲ್ಲದೆ ಬೆಳೆಯುತ್ತದೆ ಎಂಬುದನ್ನು ಅಮೆರಿಕಾದ ಮಿನೆಸೋಟದ ಓಲ್ಮ್‌ಸ್ಟೆಡ್ ಕೌಂಟಿಯ ಲೆಕ್ಕ ತೋರಿಸಿತು. 45 ವರ್ಷ ದಾಟಿದ 2,042 ಜನರಿಗೆ ಎಕೋ ಮಾಡಿದಾಗ ಶೇ 21ರಷ್ಟು ಮಂದಿಯಲ್ಲಿ ಸೌಮ್ಯವಾದ, ಶೇ 7ರಷ್ಟು ಮಂದಿಯಲ್ಲಿ ಅದಕ್ಕಿಂತ ಹೆಚ್ಚಿನ ತೊಂದರೆ ಕಂಡಿತು ಎಂದು 2003ರ ವರದಿ ಹೇಳಿತು. ಇವರಲ್ಲಿ ಬಹುಮಂದಿಗೆ ತಮಗೆ ಕಾಯಿಲೆಯಿರುವುದೇ ಗೊತ್ತಿರಲಿಲ್ಲ. ಅದೇ ಗುಂಪನ್ನು ನಾಲ್ಕು ವರ್ಷದ ನಂತರ ಮತ್ತೆ ನೋಡಿದಾಗ, ಹಿಗ್ಗುವ ತೊಂದರೆಯಿದ್ದವರ ಪ್ರಮಾಣ ಶೇ 24ರಿಂದ ಶೇ 39ಕ್ಕೆ ಏರಿತ್ತು. ತೊಂದರೆ ಹಾಗೆಯೇ ಉಳಿದವರಲ್ಲಿ, ಹೆಚ್ಚಾದವರಲ್ಲಿ ಹೃದಯ ವೈಫಲ್ಯದ ಅಪಾಯವೂ ಹೆಚ್ಚಿತ್ತು.

ಹಾಗೆಂದು ಗ್ರೇಡ್ 1 ಎಂಬ ಸಾಲು ಹೃದಯ ವೈಫಲ್ಯದ ತೀರ್ಪಲ್ಲ. ಅರವತ್ತು ದಾಟಿದವರಲ್ಲಿ ಅದು ಬಹಳ ಸಾಮಾನ್ಯ. ಏದುಸಿರು, ಕಾಲಿನ ಬಾವು, ಮಲಗಿದಾಗ ದಮ್ಮು ಕಟ್ಟುವುದು ಇವೆಲ್ಲ ಇಲ್ಲದಿದ್ದರೆ ಅದು ಎಚ್ಚರಿಕೆಯ ಗಂಟೆ ಮಾತ್ರ. 2001ರಲ್ಲಿ ಅಮೆರಿಕಾದ ಹೃದ್ರೋಗ ತಜ್ಞರ ಸಂಘಗಳು ಹೃದಯ ವೈಫಲ್ಯವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದಾಗ ಮೊದಲ ಎರಡು ಹಂತಗಳಲ್ಲಿ ರೋಗಲಕ್ಷಣವೇ ಇರಲಿಲ್ಲ. ಬಿ.ಪಿ., ಸಕ್ಕರೆಗಳಷ್ಟೇ ಇರುವುದು ಮೊದಲನೆಯದು. ಲಕ್ಷಣವಿಲ್ಲದೆ ಹೃದಯದಲ್ಲಿ ಬದಲಾವಣೆ ಕಾಣುವುದು ಎರಡನೆಯದು. ರೋಗಿಯಾಗುವ ಮೊದಲೇ ರೋಗದ ದಾರಿಯಲ್ಲಿರುವವರನ್ನು ಗುರುತಿಸುವುದು ಇದರ ಉದ್ದೇಶ.

ಭಾರತದಲ್ಲಿ ಈ ಎಚ್ಚರಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. 2013ರಲ್ಲಿ ತಿರುವನಂತಪುರದ 18 ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ಸೇರಿದ 1,205 ಜನರ ಸರಾಸರಿ ವಯಸ್ಸು 61. ಪಾಶ್ಚಾತ್ಯ ದೇಶಗಳಲ್ಲಿ ಈ ಕಾಯಿಲೆ ಸಾಮಾನ್ಯವಾಗಿ ಎಪ್ಪತ್ತರ ಮೇಲಿನವರದು. ಇಲ್ಲಿ ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿಗೇ ಅದು ಬಂದು ಕೂಡುತ್ತದೆ.

ತಡವಾಗಿ ಬಂದ ಔಷಧ

ತಳ್ಳುವ ಶಕ್ತಿ ಕುಂದಿದ ಹೃದಯಕ್ಕೆ 1980ರ ದಶಕದಿಂದ ಒಂದಾದ ಮೇಲೊಂದು ಒಳ್ಳೆಯ ಔಷಧಗಳು ಬಂದವು. ಅವನ್ನೇ ಹಿಗ್ಗಲಾರದ ಹೃದಯಕ್ಕೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳು ಬಹುಮಟ್ಟಿಗೆ ನಿರಾಸೆ ತಂದವು. ಸ್ಪಷ್ಟವಾದ ಗುಣ ಕಂಡದ್ದು 2021ರಲ್ಲಿ, ಅದೂ ಮಧುಮೇಹಕ್ಕೆಂದು ತಯಾರಾದ ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಯಿಂದ. 5,988 ರೋಗಿಗಳ ಪ್ರಯೋಗದಲ್ಲಿ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವ ಸಂಭವವನ್ನು ಅದು ಶೇ 21ರಷ್ಟು ತಗ್ಗಿಸಿತು. ಅದೇ ಜಾತಿಯ ಡಾಪಾಗ್ಲಿಫ್ಲೋಜಿನ್ ಮರುವರ್ಷ ಅಂಥದೇ ಫಲ ಕೊಟ್ಟಿತು. ಇವು ವೈದ್ಯರ ಸಲಹೆಯ ಮೇಲೆ ನುಂಗಬೇಕಾದ ಔಷಧಗಳು. ಎಕೋ ವರದಿಯ ಒಂದು ಸಾಲನ್ನು ನೋಡಿ ಅಂಗಡಿಯಿಂದ ಕೊಂಡು ತರುವಂಥವಲ್ಲ.

ಇವುಗಳಿಗಿಂತ ಮೊದಲೇ ಗೊತ್ತಿದ್ದ, ಅಗ್ಗವಾದ ದಾರಿಯೊಂದಿದೆ. 80 ವರ್ಷ ದಾಟಿದವರಲ್ಲಿ ರಕ್ತದೊತ್ತಡವನ್ನು ಹಳೆಯ ಸಾಧಾರಣ ಗುಳಿಗೆಗಳಿಂದ ಹತೋಟಿಗೆ ತಂದಾಗ ಹೃದಯ ವೈಫಲ್ಯ ಶೇ 64ರಷ್ಟು ಕಡಿಮೆಯಾದದ್ದು 2008ರಲ್ಲಿ ಪ್ರಕಟವಾಯಿತು. ಎಂಬತ್ತರಲ್ಲೂ ತಡವಾಗಿಲ್ಲವೆಂದ ಮೇಲೆ ನಲವತ್ತರಲ್ಲಿ ಆರಂಭಿಸಿದರೆ ಎಷ್ಟು ಲಾಭವೆಂದು ಊಹಿಸಬಹುದು. ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಹುಳಿಗಳ ಜೊತೆ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿಂಡಿಗಳೂ ಸೇರುವ ಮನೆಯಲ್ಲಿ ಈ ಅಳತೆ ಬೇಗ ಮೀರುತ್ತದೆ. ದಿನವೂ ಚುರುಕಾಗಿ ನಡೆಯುವುದು, ಸೊಂಟದ ಸುತ್ತಳತೆ ಏರದಂತೆ ನೋಡಿಕೊಳ್ಳುವುದು, ಬರೆದುಕೊಟ್ಟ ಬಿ.ಪಿ. ಗುಳಿಗೆಯನ್ನು ಮೈ ಹಗುರಾಯಿತೆಂದು ನಡುವೆ ಬಿಡದಿರುವುದು, ಇವು ಹೃದಯಕ್ಕೆ ಹಿಗ್ಗುವ ಗುಣವನ್ನು ಉಳಿಸಿಕೊಡುವ ಉಪಾಯಗಳು.

ಮಿಷನ್ ಆಸ್ಪತ್ರೆಯ ಕೆಲಸ ನಿಂತಿಲ್ಲ. 1997–98ರಲ್ಲಿ ಅಲ್ಲಿ 830 ಬಸುರಿಯರ ಸಕ್ಕರೆಯ ಮಟ್ಟವನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಬರೆದಿಡುತ್ತ ಬಂದರು. ಆ ಮಕ್ಕಳು ಈಗ ಹರೆಯದವರು. ಅವರ ಹೃದಯ ಐವತ್ತರಲ್ಲಿ ಹೇಗೆ ಹಿಗ್ಗೀತು ಎಂಬುದು ಇನ್ನು ಇಪ್ಪತ್ತೈದು ವರ್ಷದ ಮೇಲೆ ತಿಳಿಯಬೇಕಾದ ಸಂಗತಿ. ಕುಂಬಾರಕೊಪ್ಪಲಿನಂಥ ಬಡಾವಣೆಯ ನಲವತ್ತರ ಗೃಹಸ್ಥನಿಗೆ, ಗೃಹಿಣಿಗೆ ಅಷ್ಟು ಕಾಯುವ ಅಗತ್ಯವಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪಟ್ಟಿ ಸುತ್ತಿ ಐದು ನಿಮಿಷದಲ್ಲಿ ನೋಡಿ ಹೇಳುವ ಎರಡು ಅಂಕಿಗಳು, ಎಕೋ ವರದಿಯಲ್ಲಿ ಆ ಸಾಲು ಮೂಡುವುದಕ್ಕೆ ಎಷ್ಟೋ ವರ್ಷ ಮೊದಲೇ ಎಚ್ಚರಿಕೆ ಕೊಡಬಲ್ಲವು.